ಆ ವಿಡಿಯೋ ನೋಡಿದವರಿಗೆ

ಪ್ರಭುವಿನ ಮನೆಯವರೇ, ನಿಮ್ಮಲ್ಲಿ ಬಹಳ ಮಂದಿ ನನ್ನ ಗಂಡನನ್ನು ನೋಡಿದ್ದೀರಿ. ನೀಲಿ ಅಂಗಿ, ಕೂದಲು ಉದುರಿದ ತಲೆಗೆ ಬಿಳಿ ಟೊಪ್ಪಿ, ಕೈಯಲ್ಲಿ ಮೈಕು. "ಕರ್ತನು ನನ್ನನ್ನು ಗುಣಪಡಿಸಿದ್ದಾನೆ, ನನ್ನ ದೇಹದಲ್ಲಿ ಈಗ ಯಾವ ರೋಗವೂ ಇಲ್ಲ" ಎಂದು ಹೇಳಿ ನಗುತ್ತಾರೆ. ಹಿಂದಿನಿಂದ ಪಿಟೀಲು ಬರುತ್ತದೆ. ನಿಮ್ಮ ಫೋನಿಗೂ ಅದು ಬಂದಿರಬಹುದು, ನೀವೂ ಅದನ್ನು ನಾಲ್ಕು ಜನರಿಗೆ ಕಳಿಸಿರಬಹುದು. ಅವರ ಹೆಸರು ಜಯಕರ. ಅವರು ತೀರಿಹೋಗಿ ಒಂದು ವರ್ಷವಾಗುತ್ತ ಬಂತು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಸಾಕ್ಷಿ ಎಂದ ಕೂಡಲೇ ಕೊನೆಯಲ್ಲಿ ರೋಗಿ ಎದ್ದು ನಡೆಯುತ್ತಾನೆ ಎಂದು ಕಾದು ಕೂರುವ ಅಭ್ಯಾಸ ನಮಗೆಲ್ಲ ಇದೆ. ನನ್ನ ಗಂಡ ಎದ್ದು ನಡೆಯಲಿಲ್ಲ. ಆದರೂ ಇದು ಸಾಕ್ಷಿಯೇ. ಅವರು ಹೋದ ಮೇಲೆ ನಾನು ಮಾಡಿದ ಒಂದು ಪ್ರಾರ್ಥನೆಯನ್ನು ಕರ್ತನು ಕೇಳಿದ. ಕೇಳಿದ ರೀತಿ ನಮ್ಮ ಸಭೆಯ ಕೆಲವರಿಗೆ ಇಷ್ಟವಾಗಿಲ್ಲ. ಮೊದಮೊದಲು ನನಗೂ ಇಷ್ಟವಾಗಿರಲಿಲ್ಲ.

ನಾವು ಮುಲ್ಕಿ ಕಡೆಯ ಕ್ರೈಸ್ತರು, ಮನೆಯಲ್ಲಿ ತುಳು. ಇವರು ಬಹರೈನಿಗೆ ಬಂದದ್ದು ಮದುವೆಗೆ ಮೊದಲೇ. ಅಸ್ಕರ್ ಬದಿಯ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದರು. ನಾನು ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಆಫೀಸಿನಲ್ಲಿ ರಿಸೆಪ್ಷನಿಸ್ಟ್. ಗುದೈಬಿಯಾದಲ್ಲಿ ಬಾಡಿಗೆ ಫ್ಲಾಟು. ಒಬ್ಬಳೇ ಮಗಳು, ಶೆರಿನ್, ಹೈಸ್ಕೂಲಿನಲ್ಲಿದ್ದಾಳೆ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಮದುವೆಯಾದ ಹೊಸತರಲ್ಲಿ ಇವರು ಇಲ್ಲಿಯ ಊರಿನವರ ನಾಟಕಗಳಲ್ಲಿ ಅತ್ತೆಯ ಪಾರ್ಟು ಮಾಡುತ್ತಿದ್ದರು. ನನ್ನದೇ ಸೀರೆ, ಸುಳ್ಳು ಕೂದಲಿನ ತುರುಬು, ಬಾಯಲ್ಲಿ ಎಲೆಯಡಿಕೆ. ಸೊಸೆಯನ್ನು ಬೈಯುತ್ತ ಬೈಯುತ್ತ ಇವರು ಸೊಂಟಕ್ಕೆ ಸೆರಗು ಸಿಕ್ಕಿಸಿದರೆ ಸಾಕು, ಎದುರು ಕೂತವರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಮಗನ ಪಾರ್ಟು ದಯಾನಂದನದು. ಎಲ್ಲರೂ ದಯಣ್ಣ ಎನ್ನುವುದು. ಕಾಪು ಕಡೆಯವ, ಏಸಿ ಮೆಕ್ಯಾನಿಕ್. ಸ್ಟೇಜಿನ ಮೇಲೆ ತಾಯಿ ಮಗ, ಕೆಳಗಿಳಿದರೆ ಒಂದೇ ತಟ್ಟೆಯಲ್ಲಿ ಉಣ್ಣುವ ಸ್ನೇಹಿತರು.

ಶೆರಿನ್ ಹುಟ್ಟಿದ ಮೇಲೆ, ಅಲ್ಲಿಯವರೆಗೆ ಹೆಸರಿಗಷ್ಟೇ ಕ್ರೈಸ್ತರಾಗಿದ್ದ ನಾವಿಬ್ಬರೂ ರಕ್ಷಣೆ ಹೊಂದಿ ಶುಕ್ರವಾರದ ಕನ್ನಡ ಕೂಟಕ್ಕೆ ಸೇರಿದೆವು. ದೀಕ್ಷಾಸ್ನಾನದ ವಾರ ಟೀವಿಯನ್ನು ಬಿಲ್ಡಿಂಗಿನ ವಾಚ್‌ಮನ್‌ಗೆ ಕೊಟ್ಟೆವು. ಸಿನಿಮಾ ಹಾಡಿನ ಕ್ಯಾಸೆಟ್ಟು, ಸಿಡಿ ಎಲ್ಲ ಕಸದ ಡ್ರಮ್ಮಿಗೆ ಹೋದವು. ಗಂಡಸು ಹೆಂಗಸಿನ ಉಡುಪು ತೊಡಬಾರದೆಂದು ವಚನದಲ್ಲಿದೆ ಎಂದು ಯಾರೋ ತೋರಿಸಿದರು, ಇವರು ತುರುಬನ್ನೂ ಅದೇ ಡ್ರಮ್ಮಿಗೆ ಹಾಕಿದರು. ದಯಣ್ಣ ಬಂದು ಬಾಗಿಲಲ್ಲಿ ನಿಂತು ಹೇಳಿದ್ದು ನನಗಿನ್ನೂ ನೆನಪಿದೆ: "ನಾಟಕ ಬಿಡು ಮಾರಾಯ. ನನ್ನನ್ನು ಯಾಕೆ ಬಿಡ್ತಿ?" ಇವರು ಬಿಡುವುದಿಲ್ಲವೆಂದರು. ಆದರೆ ಲೋಕದ ಸಹವಾಸ ಬೇಡವೆಂದು ಕೂಟದಲ್ಲಿ ವಾರವಾರ ಕೇಳಿದವರು ಎಷ್ಟು ದಿನ ಫೋನ್ ಎತ್ತುತ್ತಾರೆ? ನಿಧಾನಕ್ಕೆ ಅದೂ ನಿಂತಿತು.

ಎರಡು ವರ್ಷದ ಹಿಂದೆ, ಈಸ್ಟರ್ ಕಳೆದ ಮೇಲೆ, ಇವರಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಎಂದು ಜೀರಿಗೆ ನೀರು ಕುಡಿದರು. ಕ್ರೇನಿನ ಕ್ಯಾಬಿನ್ನಿನಲ್ಲೇ ಒಂದು ದಿನ ತಲೆ ತಿರುಗಿತು. ಸಲ್ಮಾನಿಯಾ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಕರುಳಿನ ಕ್ಯಾನ್ಸರ್ ಎಂದರು.

ಆ ಹೆಸರನ್ನು ನಾನು ಬೇಕೆಂದೇ ಪೂರ್ತಿ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಕೂಟದ ಕ್ರಮ ನಿಮಗೆ ಗೊತ್ತು, ಹೊಸಬರಿಗಾಗಿ ಹೇಳುತ್ತೇನೆ. ನಾವು ರೋಗದ ಹೆಸರು ಎತ್ತುವುದಿಲ್ಲ. ಜ್ವರದಲ್ಲಿ ಮೈ ಸುಡುತ್ತಿದ್ದರೂ "ಹೇಗಿದ್ದೀರಿ ಬ್ರದರ್" ಎಂದರೆ "ಸ್ತೋತ್ರ, ಗುಣವಾಗಿದ್ದೇನೆ" ಎನ್ನಬೇಕು. ಸಿಗುವ ಮೊದಲೇ ಸಿಕ್ಕಿತೆಂದು ಉಪಕಾರ ಸಲ್ಲಿಸುವುದು ವಿಶ್ವಾಸ. ನೋವು ಎಂದು ಬಾಯಿಬಿಟ್ಟರೆ ಅವಿಶ್ವಾಸ. ನಾವು ಯಾರೂ ಅದನ್ನು ಸುಳ್ಳೆಂದು ತಿಳಿದವರಲ್ಲ. ಹಾಗೆ ಹೇಳಿದವರು ಮಾತ್ರೆಯನ್ನೂ ನುಂಗುತ್ತಾರೆ, ಆಸ್ಪತ್ರೆಗೂ ಹೋಗುತ್ತಾರೆ. ಅದು ಅದರ ಪಾಡಿಗೆ, ಇದು ಇದರ ಪಾಡಿಗೆ.

ಚಿಕಿತ್ಸೆ ನಡೆಯುತ್ತಿದ್ದಾಗ ಊರಿನಿಂದ ಒಂದು ಸೇವಾಸಂಸ್ಥೆಯ ತಂಡ ನಮ್ಮ ಕೂಟಕ್ಕೆ ಬಂತು. ಅವರ ಹೆಸರು ಇಲ್ಲಿ ಬೇಡ. ಜೊತೆಗೆ ಕ್ಯಾಮೆರಾ, ಲೈಟು, ಎಲ್ಲ ಇತ್ತು. ಸಾಕ್ಷಿ ಯಾರು ಹೇಳುತ್ತೀರಿ ಎಂದಾಗ ನಮ್ಮ ಬೋಧಕರಾದ ಬ್ರದರ್ ಇಮ್ಮಾನುವೇಲ್ ಇವರತ್ತ ನೋಡಿದರು. ಇವರು ಎದ್ದರು. ನೀವು ನೋಡಿದ ಮಾತುಗಳನ್ನೇ ಹೇಳಿದರು. ಕೂಟದಲ್ಲಿ ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ.

ಅದರ ಮುಂದಿನ ಭಾನುವಾರ ಬೆಳಿಗ್ಗೆ ನಾವು ಕೆಂಪು ಬಸ್ಸು ಹತ್ತಿ ಸಲ್ಮಾನಿಯಾಕ್ಕೆ ಹೋದೆವು. ಇವರ ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದರು. ಅದು ಮುಗಿಯುವವರೆಗೆ ಪಕ್ಕದಲ್ಲಿ ಕೂತು ನಾನು ಕಿತ್ತಳೆ ಸುಲಿದು ಕೊಟ್ಟೆ. ಮೊನ್ನೆ ರೋಗವಿಲ್ಲ ಎಂದ ಮನುಷ್ಯ ಇವತ್ತು ಇಲ್ಲಿ ಯಾಕೆ ಕೂತಿದ್ದಾರೆ ಎಂದು ನಮ್ಮಿಬ್ಬರಿಗೂ ಅನಿಸಲಿಲ್ಲ. ವಿಡಿಯೋದಲ್ಲಿ ಆ ಭಾನುವಾರ ಇಲ್ಲ. ಇರಬೇಕಿತ್ತೆಂದು ಆಗ ಯಾರಿಗೆ ಹೊಳೆಯಬೇಕು?

ವಿಡಿಯೋ ಬಂದ ದಿನ ಶೆರಿನ್ ಫೋನ್ ಹಿಡಿದು ಓಡಿಬಂದಳು. ಮೊದಲು ಗುಡುಗು, ಆಮೇಲೆ ಮೋಡ ಸೀಳಿ ಬರುವ ಬೆಳಕು, ಆಮೇಲೆ ಇವರು, ನಿಧಾನಕ್ಕೆ ನಡೆದುಬರುತ್ತ. "ಬಹರೈನ್‌ನಲ್ಲಿ ಮಹಾ ಅದ್ಭುತ! ಬೆರಗಾದ ಡಾಕ್ಟರುಗಳು!" ಎಂದು ಹಳದಿ ಅಕ್ಷರ. ಡಾಕ್ಟರು ಬೆರಗಾದದ್ದನ್ನು ನಾನಂತೂ ನೋಡಲಿಲ್ಲ, ಪಾಪ ಅವರಿಗೆ ಪುರಸೊತ್ತೇ ಇರಲಿಲ್ಲ. ಸಿನಿಮಾ ಪಾಪವೆಂದು ಟೀವಿ ಕೊಟ್ಟುಬಿಟ್ಟ ಮನೆಯಿಂದ ಒಬ್ಬ ಹೀರೋ ಹೊರಟಿದ್ದ. ಇವರು ನೋಡಿ ನಕ್ಕರು. "ಅತ್ತೆಗೆ ಒಂದು ದಿನವೂ ಸ್ಲೋ ಮೋಷನ್ ಸಿಗ್ಲಿಲ್ಲ ನೋಡು" ಎಂದರು. ನಾಟಕದ ಮಾತನ್ನು ಅವರು ಎತ್ತಿದ್ದು ಅಷ್ಟು ವರ್ಷಗಳಲ್ಲಿ ಅದೊಂದೇ ಸಲ.

ನಂತರ ಅದು ಬೆಳೆಯಿತು. ಊರಿನಿಂದ, ದುಬೈಯಿಂದ, ಕುವೈತಿನಿಂದ ಫೋನು. ಅಂಗಡಿಯಲ್ಲಿ ಗುರುತಿಸುವವರು. ಅಷ್ಟು ಜನ ನಂಬಿದ ಮೇಲೆ ಇವರಿಗೆ ನೋವಾಗುವ ಹಕ್ಕೇ ಹೋಯಿತು. ತೂಕ ಇಳಿಯುತ್ತಿತ್ತು, ಊಟ ಸೇರುತ್ತಿರಲಿಲ್ಲ, ಯಾರು ಕೇಳಿದರೂ "ಸ್ತೋತ್ರ, ಗುಣವಾಗಿದ್ದೇನೆ." ನನ್ನ ಹತ್ತಿರವೂ ಅದೇ. ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ದಿಂಬಿನ ಮೂಲೆ ಕಚ್ಚಿ ಹಿಡಿಯುತ್ತಿದ್ದರು. ಬೆಳಿಗ್ಗೆ ದಿಂಬಿನ ಬಟ್ಟೆ ತೊಳೆಯುವಾಗ ನನಗೆ ಗೊತ್ತಾಗುತ್ತಿತ್ತು.

ಕಳೆದ ರಮ್ಜಾನ್ ತಿಂಗಳಲ್ಲಿ ಇವರನ್ನು ವಾರ್ಡಿಗೆ ಸೇರಿಸಿದರು. ಹೈದರಾಬಾದಿನ ಒಬ್ಬ ನರ್ಸ್ ಇವರನ್ನು ನೋಡಿಕೊಳ್ಳುತ್ತಿದ್ದಳು, ಉಪವಾಸವಿದ್ದುಕೊಂಡೇ. ಒಂದು ಸಂಜೆ ಬಾಂಗ್ ಕೂಗುವ ಹೊತ್ತಿಗೆ ಸರಿಯಾಗಿ ಇವರ ಉಸಿರು ನಿಂತಿತು. ಖರ್ಜೂರ ಅವಳ ಕೈಯಲ್ಲೇ ಇತ್ತು. ಅದನ್ನು ಕಿಸೆಗೆ ಹಾಕಿ ಇವರ ಕಣ್ಣು ಮುಚ್ಚಿಸಿದಳು, ನನ್ನನ್ನು ತಬ್ಬಿ ಹಿಡಿದಳು. "ಬಹುತ್ ದರ್ದ್ ಮೇ ಥೇ ಭಾಯಿಸಾಬ್. ಮುಝೇ ರೋಜ್ ಬೋಲ್ತೇ ಥೇ" ಎಂದಳು. ಬಹಳ ನೋವಿನಲ್ಲಿದ್ದರಂತೆ, ದಿನಾ ಅವಳಿಗೆ ಹೇಳುತ್ತಿದ್ದರಂತೆ. ನಮ್ಮ ಕೂಟವೂ ಗೊತ್ತಿಲ್ಲದ, ನಮ್ಮ ಭಾಷೆಯೂ ಬಾರದ ಒಬ್ಬಳ ಹತ್ತಿರ, ಹಿಂದಿಯಲ್ಲಿ, ನನ್ನ ಗಂಡ ನೋವು ಎಂಬ ಮಾತನ್ನು ಹೇಳಿಕೊಂಡಿದ್ದರು. ನನಗೆ ಹೇಳಲಿಲ್ಲ. ಆ ಸಂಕಟ ಇವತ್ತಿಗೂ ನನ್ನ ಎದೆಯಿಂದ ಇಳಿದಿಲ್ಲ.

ಊರಿನಲ್ಲಿ ಮಣ್ಣು ಮಾಡಿ ಬಂದೆವು. ಶೆರಿನ್ ಶಾಲೆ, ನನ್ನ ಕೆಲಸ, ಎಲ್ಲ ಇಲ್ಲೇ ಇದ್ದುದರಿಂದ ವಾಪಸು ಬರಲೇಬೇಕಾಯಿತು. ಶೆರಿನ್ ಅಪ್ಪನ ದನಿ ಕೇಳಬೇಕೆಂದು ಆ ವಿಡಿಯೋವನ್ನೇ ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಅವರು ಮಾತಾಡುವ ಬೇರೆ ವಿಡಿಯೋ ಇರಲಿಲ್ಲ. ಅಂಥದ್ದನ್ನೆಲ್ಲ ತೆಗೆದಿಡುವವರು ನಾವಾಗಿರಲಿಲ್ಲವಲ್ಲ. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದಾಗ ಅವಳು ಕರೆದಳು. ಅವಳಿಗೆ ಕನ್ನಡ ಓದುವುದು ಕಷ್ಟ, ಅಕ್ಷರ ಕೂಡಿಸಿ ಕೂಡಿಸಿ ಕೆಳಗಿನ ಒಂದು ಕಮೆಂಟನ್ನು ಓದಿದಳು.

"ನನ್ನ ಯಜಮಾನರಿಗೂ ಇದೇ ಕಾಯಿಲೆ. ಈ ಬ್ರದರ್ ಗುಣವಾದ ಹಾಗೆ ಇವರೂ ಗುಣವಾಗಿದ್ದಾರೆಂದು ನಂಬಿ ಇಂಜೆಕ್ಷನ್ ನಿಲ್ಲಿಸಿದ್ದೇವೆ. ದಿನಾ ಬೆಳಿಗ್ಗೆ ಈ ಸಾಕ್ಷಿ ಹಾಕಿ ಪ್ರಾರ್ಥಿಸುತ್ತೇವೆ."

ಹೆಸರಿನ ಜಾಗದಲ್ಲಿ 'ಯೇಸುವಿನ ಮಗಳು' ಎಂದಿತ್ತು, ಮುಖದ ಜಾಗದಲ್ಲಿ ಒಂದು ದಾಸವಾಳ. ಕೆಳಗೆ ಸಾಲು ಸಾಲು ಆಮೆನ್.

"ಮಮ್ಮಿ, ಡ್ಯಾಡಿ ಇಲ್ಲ ಅಂತ ಅವರಿಗೆ ಗೊತ್ತೇ ಇಲ್ಲ" ಎಂದಳು ಶೆರಿನ್. "ಸಮ್‌ಬಡಿ ಶುಡ್ ಟೆಲ್ ಹರ್."

ಎಲ್ಲೋ ಒಂದು ಮನೆಯಲ್ಲಿ ಒಬ್ಬ ಮನುಷ್ಯ ಔಷಧ ಬಿಟ್ಟು ಮಲಗಿದ್ದಾನೆ, ಅವನ ಎದುರು ನನ್ನ ಗಂಡ ದಿನಾ ಬೆಳಿಗ್ಗೆ ನಗುತ್ತಿದ್ದಾರೆ. ಮಣ್ಣಿನಡಿಯಲ್ಲಿರುವ ನನ್ನ ಗಂಡ! ಆ ಕೂಡಲೇ ಕೆಳಗೆ ಬರೆದೆ: ಸಹೋದರಿ, ನಾನು ಇವರ ಹೆಂಡತಿ, ಇವರು ತೀರಿಹೋಗಿದ್ದಾರೆ, ಕೊನೆಯವರೆಗೂ ಚಿಕಿತ್ಸೆ ತೆಗೆದುಕೊಂಡಿದ್ದರು, ದಯವಿಟ್ಟು ಇಂಜೆಕ್ಷನ್ ನಿಲ್ಲಿಸಬೇಡಿ. ಸಂಜೆ ನೋಡಿದರೆ ನಾನು ಬರೆದದ್ದು ಇಲ್ಲ. ಮತ್ತೆ ಬರೆದೆ, ಮತ್ತೆ ಹೋಯಿತು. ಮೂರನೆಯ ಸಲ ಬರೆಯಲಿಕ್ಕೇ ಬಿಡಲಿಲ್ಲ. ಅವಿಶ್ವಾಸದ ಮಾತುಗಳನ್ನು ತೆಗೆಯಲಿಕ್ಕೆ ಅಲ್ಲಿ ಯಾರನ್ನೋ ಇಟ್ಟಿದ್ದಾರಂತೆ.

ಬ್ರದರ್ ಇಮ್ಮಾನುವೇಲರ ಮನೆಗೆ ಹೋದೆ. ಅವರು ಗದಗ ಕಡೆಯವರು, ವಾರದ ದಿನ ಸಿತ್ರಾದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಒಳ್ಳೆಯ ಮನುಷ್ಯ. ಇವರು ಹೋದಾಗ ಏರ್‌ಪೋರ್ಟಿನವರೆಗೆ ಪೆಟ್ಟಿಗೆಯ ಜೊತೆ ಬಂದವರು. ನನ್ನೆದುರೇ ಊರಿನ ಆ ತಂಡದವರಿಗೆ ಫೋನ್ ಮಾಡಿ ವಿಡಿಯೋ ಅಳಿಸಿಬಿಡಿ ಎಂದು ಕೇಳಿದರು. ಬಹಳ ಹೊತ್ತು ಮಾತಾಡಿ ಫೋನಿಟ್ಟರು.

"ಒಪ್ಪವಲ್ರು ಸಿಸ್ಟರ್. ಅದರಿಂದ ಎಷ್ಟೋ ಮಂದಿ ರಕ್ಷಣಾ ಹೊಂದ್ಯಾರಂತ. ಅವತ್ತು ದೇವರು ಗುಣಾ ಮಾಡಿದ್ದು ಖರೇ, ಆಮ್ಯಾಲ ಕರಕೊಂಡಿದ್ದು ಆತನ ಚಿತ್ತ, ಅಂತಾರ."

"ಬ್ರದರ್, ಅವತ್ತು ಗುಣ ಆಗಿರಲಿಲ್ಲ. ನಿಮಗೂ ಗೊತ್ತುಂಟು, ನನಗೂ ಗೊತ್ತುಂಟು. ಭಾನುವಾರ ಡ್ರಿಪ್ ಹಾಕಿಸ್ಲಿಕ್ಕೆ ಕರ್ಕೊಂಡು ಹೋದವಳು ನಾನು."

"ನಾವು ವಿಶ್ವಾಸದಿಂದ ಹೇಳಿದ್ವಿ ಸಿಸ್ಟರ್."

"ನಮಗೆ ಅದು ವಿಶ್ವಾಸ ಅಂತ ಗೊತ್ತು. ಆ ಹೆಂಗಸಿಗೆ ಯಾರು ಹೇಳಿದ್ದಾರೆ?"

ಅವರು ಪ್ರಾರ್ಥನೆ ಮಾಡೋಣವೆಂದರು. ಮಾಡಿದೆವು.

ಆ ದಿನಗಳಲ್ಲಿ ನಾನು ಮಾಡುತ್ತಿದ್ದದ್ದು ಒಂದೇ ಪ್ರಾರ್ಥನೆ. ಕರ್ತನೇ, ನನ್ನ ಗಂಡನನ್ನು ಕೇಳಿದೆ, ಕೊಡಲಿಲ್ಲ. ನಾನು ಜಗಳವಾಡುವುದಿಲ್ಲ. ಆ ಹೆಂಗಸನ್ನಾದರೂ ತೋರಿಸು. ಸುಳ್ಳೇಕೆ ಹೇಳಲಿ, ಜಗಳವನ್ನೂ ಆಡಿದೆ. ಬಸ್ಸಿನಲ್ಲಿ ನಿಂತುಕೊಂಡೇ ಆಡಿದೆ. ಆಫೀಸಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ. ನೀನು ಅವರ ವಿಶ್ವಾಸ ನೋಡಲಿಲ್ಲವಾ, ಹೋಗಲಿ, ಅವರ ಬಾಯಿಂದ ಇನ್ನೊಬ್ಬನನ್ನೂ ಕೊಲ್ಲಿಸುತ್ತೀಯಾ ಎಂದು ಕೇಳಿದೆ. ಕಮೆಂಟಿನ ದಾಸವಾಳ ಅಲ್ಲೇ ಇತ್ತು.

ಆಗ ಜುಲೈ. ಬಹರೈನಿನ ಜುಲೈ ಹೇಗಿರುತ್ತದೆಂದು ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಒಂದು ಶನಿವಾರ ಬೆಳಿಗ್ಗೆ ನಮ್ಮ ಏಸಿ ಗರ್ ಗರ್ ಎಂದು ನಿಂತೇಹೋಯಿತು. ವಾಚ್‌ಮನ್ ಯಾರಿಗೋ ಫೋನ್ ಮಾಡಿದ. ಬಾಗಿಲು ತೆರೆದರೆ ಏಣಿ ಹಿಡಿದು ನಿಂತವನು ದಯಣ್ಣ.

ಅವನಿಗೂ ಇದು ಯಾರ ಮನೆಯೆಂದು ಗೊತ್ತಿರಲಿಲ್ಲ, ಮೊದಲಿನ ಫ್ಲಾಟನ್ನು ನಾವು ಬಿಟ್ಟು ವರ್ಷಗಳಾಗಿದ್ದವು. ನನ್ನನ್ನು ನೋಡಿ, "ಅತ್ತಿಗೆ" ಎಂದ, ಅಷ್ಟೇ. ಒಳಗೆ ಬಂದು ಏಣಿ ಹತ್ತಿ ಏಸಿಯ ಮುಚ್ಚಳ ತೆಗೆದು, ಫಿಲ್ಟರು ಹಿಡಿದುಕೊಂಡು, ನಮಗೆ ಬೆನ್ನು ಹಾಕಿ ಅಳತೊಡಗಿದ. ಭುಜ ಕುಣಿಯುವುದು ಕಾಣುತ್ತಿತ್ತು. ನಾನು ನೀರು ತಂದಿಟ್ಟೆ. ಬಹಳ ಹೊತ್ತಿನ ಮೇಲೆ ಇಳಿದು ನೆಲದ ಮೇಲೆ ಕೂತ.

"ಆ ವಿಡಿಯೋ ನಾನೂ ನೋಡಿದೆ ಅತ್ತಿಗೆ. ಹೋಗ್ಬೇಕು, ನೋಡ್ಬೇಕು ಅಂತ ಆಯ್ತು. ಲೋಕದವ ಬಂದ ಅಂತ ನೀವೆಂತ ತಿಳ್ಕೊಳ್ತೀರೋ ಅಂತ ಬರ್ಲಿಲ್ಲ."

"ಚೆನ್ನಾಗಿ ಮಾತಾಡಿದ್ದಾರೆ ಅಂತ ಎಲ್ಲ ಹೇಳಿದ್ರು" ಎಂದೆ.

"ಮಾತು ಸರಿ ಉಂಟು. ನಗು..." ಎಂದು ನಿಲ್ಲಿಸಿದ. "ಸ್ಟೇಜಲ್ಲಿ ಡೈಲಾಗ್ ಮರ್ತುಹೋದ್ರೆ ಜಯಣ್ಣ ಒಂದು ನಗು ನಗ್ತಿದ್ದ. ಆ ನಗು ಕಂಡ್ರೆ ನಾನು ಓಡಿಹೋಗಿ ಪಕ್ಕದಲ್ಲಿ ನಿಲ್ತಿದ್ದೆ, ಮುಂದಿನ ಮಾತು ಹೇಳಿಕೊಡ್ಲಿಕ್ಕೆ. ಆ ವಿಡಿಯೋದಲ್ಲಿ ಅದೇ ನಗು. ಅವ ಹೆದರಿದ್ದ ಅತ್ತಿಗೆ."

ನಾನು ಇವರೊಟ್ಟಿಗೆ ಅಷ್ಟು ವರ್ಷ ಬಾಳಿದವಳು. ಆ ನಗುವನ್ನು ವಿಶ್ವಾಸ ಎಂದು ತಿಳಿದಿದ್ದೆ. ಶೆರಿನ್ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳೇ ಫೋನ್ ತಂದು ದಯಣ್ಣನಿಗೆ ಆ ಕಮೆಂಟ್ ತೋರಿಸಿದಳು. ಅವನು ಎರಡು ಸಲ ಓದಿದ. ನಾನು ಬರೆದದ್ದು, ಅವರು ಅಳಿಸಿದ್ದು, ಎಲ್ಲ ಹೇಳಿದೆ.

ದಯಣ್ಣ ಈಗ ನಾಟಕಕ್ಕಿಂತ ಹೆಚ್ಚಾಗಿ ಫೋನಿನಲ್ಲಿ ಹೆಸರುವಾಸಿ ಎಂದು ನನಗೆ ಆವತ್ತು ಗೊತ್ತಾಯಿತು. ಗಲ್ಫಿನಲ್ಲಿ ಹೆಂಡತಿಗೆ ಹೆದರುವ ಗಂಡ, ಖಫೀಲ ಎಂಬ ಅರಬಿ ಮಾಲೀಕನಿಗೆ ಹೆದರುವ ಮ್ಯಾನೇಜರು, ಹೀಗೆ ಚಿಕ್ಕ ಚಿಕ್ಕ ಕಾಮಿಡಿ ವಿಡಿಯೋ ಮಾಡಿ ಹಾಕುತ್ತಾನೆ. ಕರಾವಳಿಯ ಕಡೆ ಬಹಳ ಜನ ನೋಡುತ್ತಾರಂತೆ. ಕೇಳಬಾರದೆಂದುಕೊಂಡೇ ಕೇಳಿದೆ.

"ದಯಣ್ಣ, ನಾನು ನಿನ್ನದರಲ್ಲಿ ಎರಡು ಮಾತು ಹೇಳ್ಲಿಕ್ಕೆ ಆಗ್ತದಾ?"

ಅವನು ಬೆಚ್ಚಿಬಿದ್ದ. "ಬೇಡ ಅತ್ತಿಗೆ. ನನ್ನದರಲ್ಲಿ ಬರುವವರು ನಗಾಡ್ಲಿಕ್ಕೆ ಬರುವುದು. ಕಮೆಂಟಲ್ಲಿ ಬಾಯಿಗೆ ಬಂದ ಹಾಗೆ ಬರೀತಾರೆ. ನಿಮ್ಮ ಕೂಟದವರು ನಿಮ್ಮನ್ನು ಹೊರಗೆ ಹಾಕ್ತಾರೆ. ಮತ್ತೆ ಆ ಹೆಂಗಸು ನನ್ನ ಕಾಮಿಡಿ ನೋಡ್ತಾಳಾ? ಅವರೆಲ್ಲ ಇದನ್ನು ಮುಟ್ಟಿಯೂ ನೋಡುವವರಲ್ಲ."

ಅವನು ಹೇಳಿದ್ದು ಸರಿಯೇ. ನಾನೇ ಅಷ್ಟು ವರ್ಷ ಮುಟ್ಟಿಯೂ ನೋಡದವಳು. ಆದರೆ ಪವಿತ್ರವಾದ ಬಾಗಿಲುಗಳನ್ನೆಲ್ಲ ತಟ್ಟಿ ಆಗಿತ್ತು. ತೆರೆದಿದ್ದ ಬಾಗಿಲು ಇದೊಂದೇ. ಆಗಲಿ ಎಂದೆ.

ಅಲ್ಲೇ, ಬಿಚ್ಚಿಟ್ಟ ಏಸಿಯ ಕೆಳಗೆ, ಬೆವರುತ್ತ ಕೂತೆ. ದಯಣ್ಣ ಫೋನ್ ಹಿಡಿದ. ಮ್ಯೂಸಿಕ್ ಹಾಕುವುದಾ ಎಂದು ಕೇಳಿದ, ಬೇಡವೆಂದೆ. ಶೆರಿನ್ ನನ್ನ ಕೂದಲು ಸರಿಮಾಡಿ ಕಿವಿಯಲ್ಲಿ ಹೇಳಿದಳು, "ಮಮ್ಮಿ, ಡೋಂಟ್ ಸ್ಮೈಲ್."

ನಾನು ನಗಲಿಲ್ಲ. ಇವರ ಹೆಸರು ಹೇಳಿದೆ. ರೋಗದ ಹೆಸರು ಹೇಳಿದೆ. ಇವರು ದೇವರನ್ನು ನಂಬಿದ್ದರು, ಒಂದು ದಿನವೂ ಚಿಕಿತ್ಸೆ ಬಿಡಲಿಲ್ಲ, ತೀರಿಹೋದರು ಎಂದೆ. "ದಾಸವಾಳದ ಚಿತ್ರ ಇಟ್ಟುಕೊಂಡ ಸಹೋದರಿ, ನಿನ್ನ ಗಂಡನನ್ನು ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಪ್ರಾರ್ಥನೆ ಬಿಡಬೇಡ. ಇಂಜೆಕ್ಷನನ್ನೂ ಬಿಡಬೇಡ. ಅವರಿಗೆ ನೋವಾದರೆ ನೋವು ಎಂದು ಹೇಳಲಿಕ್ಕೆ ಬಿಡು" ಎಂದೆ. ಕೊನೆಯ ಮಾತು ನಾನು ಯೋಚಿಸಿ ಹೇಳಿದ್ದಲ್ಲ. ಅದು ಹೇಳುವಾಗ ನನ್ನ ದನಿ ಒಡೆಯಿತು. ದಯಣ್ಣ ಅದನ್ನು ಕತ್ತರಿಸದೆ ಹಾಗೇ ಹಾಕಿದ. ಮೊದಲಿಗೆ ತಾನು ಬಂದು, "ಇವತ್ತು ಕಾಮಿಡಿ ಇಲ್ಲ, ಇದು ನಮ್ಮ ಅತ್ತಿಗೆ, ಪೂರ್ತಿ ಕೇಳಿ" ಎಂದಷ್ಟೇ ಹೇಳಿದ.

ಆಮೇಲೆ ಆದದ್ದು ಗಾಯದ ಮೇಲೆ ಬರೆ. ನಮ್ಮವರಲ್ಲಿ ಕೆಲವರು ಸೈತಾನನ ಬಾಯಿ ಎಂದು ಬರೆದರು. ನಮ್ಮವರಲ್ಲದವರು ಮತಾಂತರವಾದವರಿಗೆ ಹೀಗೇ ಆಗಬೇಕು ಎಂದು ಬರೆದರು. ನನ್ನ ಗಂಡ ಸತ್ತದ್ದರಲ್ಲಿ ಎರಡೂ ಕಡೆಯವರಿಗೆ ಏನೋ ಲಾಭವಿದ್ದಂತೆ ಕಂಡಿತು. ಕೂಟದಲ್ಲಿ ನಾನು ಹಾಡುವ ಗುಂಪಿನಲ್ಲಿದ್ದೆ, ಸ್ವಲ್ಪ ದಿನ ಅದನ್ನು ಬಿಟ್ಟು ಹಿಂದಿನ ಸಾಲಿನಲ್ಲಿ ಕೂರಬೇಕೆಂದು ಹೇಳಿ ಕಳಿಸಿದರು. ಹಿಂದೆ ಕೂತೆ. ಶೆರಿನ್ ಕೂಡ ನನ್ನ ಜೊತೆ ಹಿಂದೆ ಬಂದು ಕೂತಳು. ದಾಸವಾಳದಿಂದ ಒಂದು ಮಾತೂ ಇಲ್ಲ. ನಾನು ಮಾಡಿದ್ದು ತಪ್ಪೇ ಇರಬೇಕೆಂದು ಅನಿಸಲಿಕ್ಕೆ ಶುರುವಾಗಿತ್ತು.

ಆಗಸ್ಟಿನ ಒಂದು ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ದಯಣ್ಣ ಫೋನ್ ಮಾಡಿ, ಒಬ್ಬರಿಗೆ ನಿಮ್ಮ ನಂಬರ್ ಕೊಟ್ಟಿದ್ದೇನೆ, ಎತ್ತಿ ಎಂದ. ಹಿಂದೆ ಹಿಂದೆಯೇ ಊರಿನ ನಂಬರಿನಿಂದ ಬಂತು. ಗಂಡಸಿನ ದನಿ, ಬಹಳ ಸಣ್ಣಗೆ.

"ಅಕ್ಕ, ನಾನ್ ಕುಂದಾಪ್ರ ಬದಿಯವ. ರಾಜೀವ ಅಂದೇಳಿ. ಆ ಕಮೆಂಟ್ ಹಾಕದ್ದ್ ನನ್ ಹೆಂಡ್ತಿ."

ಒಂದು ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು, ಹೇಳಿ ಎಂದೆ.

ಅವರು ಆಟೋ ಓಡಿಸುತ್ತಿದ್ದವರು. ಗಂಡ ಹೆಂಡತಿ ಇಬ್ಬರೂ ಹೊಸ ವಿಶ್ವಾಸಿಗಳು. ನಮ್ಮ ಹಾಗೆಯೇ ಟೀವಿ ತೆಗೆದವರು. ಮಲಗಿದಲ್ಲಿಗೆ ಹೆಂಡತಿ ಸುಮತಿ ಫೋನ್ ಕೊಟ್ಟದ್ದು ಸಾಕ್ಷಿ ನೋಡಲಿಕ್ಕೆಂದು. ಅವಳು ಬಾವಿಕಟ್ಟೆಗೆ ಹೋದಾಗ ರಾಜೀವರು ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಚಾದರ ಎಳೆದುಕೊಂಡು, ದಯಣ್ಣನ ಕಾಮಿಡಿ ನೋಡುತ್ತಿದ್ದರಂತೆ.

"ನಗಾಡ್ರೆ ಹೊಟ್ಟಿ ನೋವ್ ಒಂಚೂರ್ ಮರ್ತ್ ಹೋತಿತ್ತ್ ಅಕ್ಕ. ಪಾಪ ಅಂದೇಳಿ ಗೊತ್ತಿತ್ತ್. ಆರೂ ಕಂಡೆ. ಕಾಂತಾ ಕಾಂತಾ ನೀವ್ ಬಂದ್ರಿ."

ಪಾಪವೆಂದು ಗೊತ್ತಿದ್ದೂ ನೋಡಿದ್ದರು, ನೋಡುತ್ತ ನೋಡುತ್ತ ಅದರಲ್ಲಿ ನಾನು ಬಂದಿದ್ದೆ.

"ಅವ್ರ್ ಖರೆ ಹೋದ್ರಾ ಅಕ್ಕ?"

"ಹೋದರು ತಮ್ಮ."

"ಹಂಗಾರೆ ನಂಗ್ ನೋವ್ ಅಂತ ಹೇಳಕ್ಕಾ?"

ಹೇಳಬಹುದು, ಹೇಳು ಎಂದೆ. ಅವರು ಹೇಳಿದರು. ಎಲ್ಲೆಲ್ಲಿ ನೋವು, ಯಾವ ಹೊತ್ತಿಗೆ ಹೆಚ್ಚು, ಮಗ್ಗುಲು ತಿರುಗಿದರೆ ಹೇಗೆ, ಒಂದೊಂದಾಗಿ ಹೇಳಿದರು. ನನ್ನ ಗಂಡ ನನಗೆ ಹೇಳದೆ ಹೋದದ್ದನ್ನು ಗುರುತಿಲ್ಲದ ಒಬ್ಬ ಮನುಷ್ಯ ಹೇಳುತ್ತಿದ್ದ, ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೇಳುತ್ತಿದ್ದೆ. ಅಷ್ಟರಲ್ಲಿ ಸುಮತಿ ಬಂದಿರಬೇಕು, ಫೋನ್ ಕಸಿದುಕೊಂಡಳು. ಯಾರು ನೀವು, ಎಂತಕ್ಕೆ ನಮ್ಮ ವಿಶ್ವಾಸ ಹಾಳು ಮಾಡುತ್ತೀರಿ ಎಂದು ಕೂಗಿದಳು. ನಾನು ಯಾರೆಂದು ಹೇಳಿದೆ. ಆಮೇಲೆ ಅವಳು ಅತ್ತದ್ದನ್ನು ನಾನು ಬರೆಯಲಾರೆ. ಅದು ಹೊಸ ವಿಧವೆಯ ಅಳುವಿನ ಹಾಗೇ ಇತ್ತು, ಗಂಡ ಪಕ್ಕದಲ್ಲಿ ಜೀವಂತ ಇದ್ದರೂ. ನಾನೂ ಅವಳ ಜೊತೆ ಅತ್ತೆ. ಮರುದಿನ ಮೊದಲ ಬಸ್ಸಿಗೆ ಅವರು ಆಸ್ಪತ್ರೆಗೆ ಹೋದರು.

ರಾಜೀವರಿಗೆ ಚಿಕಿತ್ಸೆ ಮತ್ತೆ ಶುರುವಾಗಿದೆ. ನಡುವೆ ಬಿಟ್ಟದ್ದು ಒಳ್ಳೆಯದಾಗಲಿಲ್ಲ ಎಂದರಂತೆ ಡಾಕ್ಟರು, ಆದರೂ ದಾರಿ ಇದೆ, ನೋಡೋಣ ಎಂದರಂತೆ. ಅವರು ಗುಣವಾದರು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಅದು ನನಗೆ ಗೊತ್ತಿಲ್ಲ. ಇಂಜೆಕ್ಷನಿಗೆ ಹೋಗುತ್ತಿದ್ದಾರೆ, ಮೊನ್ನೆ ಗಂಜಿಯ ಜೊತೆ ಚಟ್ಲಿ ಚಟ್ನಿ, ಅದೇ ಸಿಗಡಿಯದು, ಕೇಳಿ ತಿಂದರು. ಇಷ್ಟು ಗೊತ್ತು.

ಇದನ್ನು ಹೇಳಿದಾಗ ಬ್ರದರ್ ಇಮ್ಮಾನುವೇಲ್, "ನಾ ಅವತ್ತು ಜಯಕರನ ಕಡೆ ನೋಡಬಾರದಿತ್ತು ಸಿಸ್ಟರ್. ನಾ ನೋಡಿದ್ದಕ್ಕ ಅವ ಎದ್ದ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಅವರ ಮೇಲೆ ಸಿಟ್ಟಿಲ್ಲ. ಇದನ್ನು ಬರೆಯಿರಿ, ನಮ್ಮ ಸಭೆಯ ಪತ್ರಿಕೆಗೆ ನಾನೇ ಕೊಡುತ್ತೇನೆ ಎಂದವರು ಅವರೇ. ಬೈಗುಳ ಬಂದರೆ ಇಬ್ಬರೂ ಹಂಚಿಕೊಳ್ಳುತ್ತೇವೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಹೋದ ತಿಂಗಳು ದಯಣ್ಣ ಹಳೆಯ ಪೆಟ್ಟಿಗೆಯಿಂದ ಒಂದು ನಾಟಕದ ವಿಡಿಯೋ ಕ್ಯಾಸೆಟ್ ಹುಡುಕಿ, ಅದನ್ನು ಫೋನಿಗೆ ಹಾಕಿಸಿ ತಂದುಕೊಟ್ಟ. ಚಿತ್ರ ಮಸುಕು, ದನಿ ಮಾತ್ರ ಚೆನ್ನಾಗಿದೆ. ನನ್ನ ಹಸಿರು ಸೀರೆ ಉಟ್ಟು ಅತ್ತೆ ಬರುತ್ತಾಳೆ. ಶೆರಿನ್ ಅಪ್ಪನನ್ನು ಹಾಗೆ ನೋಡಿದ್ದೇ ಇಲ್ಲ. ಬಾಯಿ ಮುಚ್ಚಿಕೊಂಡಳು, ನಕ್ಕಳು, ನಗುತ್ತ ನಗುತ್ತ ನನ್ನ ಮಡಿಲಿಗೆ ಬಿದ್ದು ಅತ್ತಳು. ಅಪ್ಪ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಆ ಕ್ಯಾಸೆಟ್ಟಿನಲ್ಲಿ ಇವರು ನಗುವ ನಗು ಬೇರೆ. ದಯಣ್ಣ ಹೇಳಿಕೊಟ್ಟ ಮೇಲೆ ಈಗ ನನಗೂ ವ್ಯತ್ಯಾಸ ಗೊತ್ತಾಗುತ್ತದೆ.

ಶೆರಿನ್ ಅದನ್ನು ಕುಂದಾಪುರಕ್ಕೆ ಕಳಿಸಿದಳು. ಕಳೆದ ವಾರ ಇಂಜೆಕ್ಷನ್ ಮುಗಿಸಿ ಬಂದ ರಾಜೀವರ ದನಿ ನನ್ನ ಫೋನಿಗೆ ಬಂತು. ದಣಿದಿದ್ದರು, ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. ಸುಮತಿಯೂ ಪಕ್ಕದಲ್ಲಿ ಕೂತು ನೋಡಿದಳಂತೆ, ಮೊದಲು ಮುಖ ತಿರುಗಿಸಿದಳಂತೆ, ಆಮೇಲೆ ಅವಳಿಗೂ ತಡೆಯಲಾಗಲಿಲ್ಲವಂತೆ.

"ಅಕ್ಕ, ಇವತ್ತ್ ಬಾಟ್ಲಿ ಖಾಲಿ ಆಪಲ್ಲಿವರಿಗೆ ನಿಮ್ ಯಜಮಾನ್ರ್ ನನ್ನೊಟ್ಟಿಗೇ ಇದ್ದಿದ್ರ್."

ಆ ಮೊದಲ ವಿಡಿಯೋ ಈಗಲೂ ಅಲ್ಲೇ ಇದೆ. ದಿನಾ ಯಾರೋ ಆಮೆನ್ ಬರೆಯುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ಅದು ಬಂದರೆ ಕಳಿಸಿದವರಿಗೆ ಹೇಳಿ, ಈ ಮನುಷ್ಯ ತೀರಿಹೋಗಿದ್ದಾರೆ, ಅವರಿಗೆ ಬಹಳ ನೋವಿತ್ತು ಎಂದು. ಅಷ್ಟು ಮಾಡಿದರೆ ನನಗೆ ಉಪಕಾರ ಮಾಡಿದಂತೆ. ನಾನು ದೊಡ್ಡದಾಗಿ ಕೇಳಿದ್ದಕ್ಕೆ ಕರ್ತನು ಇಲ್ಲವೆಂದ, ಯಾಕೆಂದು ಆತನನ್ನು ಎದುರಿಗೇ ಕೇಳುವ ದಿನಕ್ಕೆ ಕಾದಿದ್ದೇನೆ. ಚಿಕ್ಕದಾಗಿ ಕೇಳಿದ್ದನ್ನು ಕೊಟ್ಟ. ಕಸದ ಡ್ರಮ್ಮಿಗೆ ನಾವು ಹಾಕಿದ್ದರೊಳಗೆ ಕೈಹಾಕಿ ಹುಡುಕಿ ಕೊಟ್ಟ. ಆತನಿಗೆ ಸ್ತೋತ್ರ. ನನಗೆ ಇನ್ನೂ ಬಹಳ ನೋವಾಗುತ್ತಿದೆ.

ನಿಮ್ಮ ಸಹೋದರಿ,
ಪ್ರೇಮಲತ ಜಯಕರ
ಗುದೈಬಿಯಾ, ಬಹರೈನ್